ಹತ್ತೊಂಬತ್ತು ಇಂಚು ಮೇಲಿನ ಡೇರೆ

ನನ್ನನ್ನು ನೆಲದಿಂದ ಎಬ್ಬಿಸಲು ಇಬ್ಬರು ಬೇಕಾಗುತ್ತಿದ್ದರು. ಒಬ್ಬರು ಎಡ ಕಂಕುಳಿಗೆ ಕೈ ಹಾಕಬೇಕು, ಇನ್ನೊಬ್ಬರು ಬಲ ಕಂಕುಳಿಗೆ. ಮೂರನೆಯವರು ಯಾರಾದರೂ ಪಕ್ಕದಲ್ಲಿ ನಿಂತು "ಹಾಂ, ಈಗ ಎತ್ತ್ರಿ" ಎನ್ನಬೇಕು. ಎತ್ತುವವರು ಸಿಗದಿದ್ದರೂ ಹಾಗೆ ಹೇಳುವವರು ಯಾವತ್ತೂ ಸಿಗುತ್ತಿದ್ದರು.

ಒಂದು ಮಳೆಗಾಲದಲ್ಲಿ ಬೆಳಗಾವಿಯ ಅನಗೋಳದ ನಮ್ಮ ಓಣಿಯ ತಿರುವಿನಲ್ಲಿ ಸ್ಕೂಟರು ಜಾರಿ ಬಲ ಮೊಣಕಾಲಿನ ಚಿಪ್ಪು ಒಡೆದಿತ್ತು. ಆಪರೇಷನ್ ಆಯಿತು, ಒಳಗೆ ತಂತಿ ಹಾಕಿ ಬಿಗಿದರು, ಆರು ತಿಂಗಳಿಗೆ ನಡೆದಾಡುವಂತಾದೆ. ಶಾಲೆಗೆ ಹೋಗಿ ಕುರ್ಚಿಯ ಮೇಲೆ ಕುಳಿತು ನಾಲ್ಕನೇ ಇಯತ್ತೆಯ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದೆ. ಬಸದಿಗೆ ಹೋಗಿ ಕಂಬಕ್ಕೊರಗಿ ನಿಂತು ಬರುತ್ತಿದ್ದೆ. ಆದರೆ ಆ ಕಾಲು ಅರ್ಧಕ್ಕಿಂತ ಹೆಚ್ಚು ಮಡಚುತ್ತಿರಲಿಲ್ಲ. ಕುರ್ಚಿ, ಮಂಚ, ಕಟ್ಟೆ ಇದ್ದಲ್ಲಿ ನಾನು ಎಲ್ಲರಂಥ ಹೆಂಗಸು. ನೆಲಕ್ಕೆ ಕುಳಿತೆನೋ, ಜೋಳದ ಚೀಲ.

ನಮ್ಮದು ಜೈನರ ಮನೆ. ಚಾತುರ್ಮಾಸದ ನಾಲ್ಕು ತಿಂಗಳು ಅತ್ತೆಯವರು ಯಾರನ್ನೂ ಸುಮ್ಮಸುಮ್ಮನೆ ಊರು ಬಿಟ್ಟು ಹೋಗಗೊಡುತ್ತಿರಲಿಲ್ಲ. ಮಳೆಗಾಲದಲ್ಲಿ ನೆಲದ ತುಂಬ ಹುಳಹುಪ್ಪಡಿ, ಕಾಲಿಟ್ಟಲ್ಲೆಲ್ಲ ಜೀವಹಿಂಸೆ ಎಂಬುದು ಅವರ ಲೆಕ್ಕ. ದೀಪಾವಳಿಗೆ ಅದು ಮುಗಿದದ್ದೇ ತಡ, ನಾವು ಎರಡು ಡೇರೆ ಕಟ್ಟಿಕೊಂಡು ಖಾನಾಪುರ ತಾಲೂಕಿನ ಜಾಂಬೋಟಿ ಕಡೆ ಹೊರಡುತ್ತಿದ್ದೆವು. ನಾನು, ನನ್ನ ಯಜಮಾನರು, ನಮ್ಮ ಮಗಳು. ಭಾವನವರು, ನೆಗೆಣ್ಣಿ, ಅವರ ಇಬ್ಬರು ಮಕ್ಕಳು. ಅಲ್ಲೊಬ್ಬ ರೈತನ ಗದ್ದೆಯ ಅಂಚಿನಲ್ಲಿ ಹಳ್ಳದ ಪಕ್ಕ ಎರಡು ರಾತ್ರಿ ಇದ್ದು ಬರುವುದು. ಅತ್ತೆಯವರು ಮಾತ್ರ ಯಾವ ವರ್ಷವೂ ಬಂದವರಲ್ಲ. "ಮನಿ ಕಾಯಾಕ ಒಬ್ಬರರ ಇರಬೇಕಲ್ಲ, ಹೋಗಿ ಬರ್ರಿ" ಎಂದು ರೊಟ್ಟಿ ಕಟ್ಟಿ ಕಳಿಸುತ್ತಿದ್ದರು. ಆ ಎರಡು ದಿನ ಇದ್ದರೆ ನನಗೆ ವರ್ಷದಲ್ಲಿ ಬೇರೆ ಹಬ್ಬವೇ ಬೇಡವಾಗಿತ್ತು. ಸೂರ್ಯ ಹುಟ್ಟುವ ಮೊದಲು ಒಬ್ಬಳೇ ಹಳ್ಳಕ್ಕೆ ಹೋಗಿ ಕಲ್ಲಿನ ಮೇಲೆ ಕುಳಿತರೆ, ಅಮ್ಮಾ ಎನ್ನುವವರಿಲ್ಲ, ಬಾಯಾರ ಎಂದು ಕರೆಯುವ ಶಾಲೆಯ ಮಕ್ಕಳಿಲ್ಲ, ಹಾಲು ಉಕ್ಕಿತು ಎನ್ನುವವರಿಲ್ಲ.

ಕಾಲು ಮುರಿದ ಮರುವರ್ಷವೂ ಹಟ ಮಾಡಿ ಹೋದೆ. ಹೋಗಬಾರದಿತ್ತು. ಹೆಂಗಸರ ಡೇರೆಯೊಳಗೆ ನೆಲದ ಮೇಲೆ ಹಾಸಿಗೆ. ಬೆಳಗಿನ ಜಾವ ಎಚ್ಚರವಾಯಿತು, ಹೊರಗೆ ಹೋಗಲೇಬೇಕಾಗಿತ್ತು, ಏಳಲಾಗಲಿಲ್ಲ. ಯಾರನ್ನೂ ಕೂಗಲು ಮನಸ್ಸಾಗಲಿಲ್ಲ. ಹಲ್ಲು ಕಚ್ಚಿಕೊಂಡು ಎರಡು ತಾಸು ಹಾಗೇ ಬಿದ್ದಿದ್ದೆ. ಕಡೆಗೆ ನೆಗೆಣ್ಣಿ ಎದ್ದು ತನ್ನ ಮಗನನ್ನು ಕರೆದು ಇಬ್ಬರೂ ಸೇರಿ ನನ್ನನ್ನು ಎತ್ತಿದರು. ಮೀಸೆ ಮೂಡುತ್ತಿದ್ದ ಆ ಹುಡುಗ ನಾಚಿಕೆಯಿಂದ ಬೇರೆ ಕಡೆ ನೋಡುತ್ತಿದ್ದ. ನೆಗೆಣ್ಣಿ ನನ್ನ ಸೀರೆಯ ಮಣ್ಣು ಕೊಡವುತ್ತ ಹೇಳಿದರು:

"ಮುಂದಿನ ವರ್ಷ ನೀ ಅತ್ತಿ ಜೋಡಿ ಆರಾಮ ಮನ್ಯಾಗ ಇರು ತಂಗಿ. ನಿನಗೂ ತ್ರಾಸು, ನಮಗೂ ತ್ರಾಸು."

ಕೆಟ್ಟ ಮನಸ್ಸಿನಿಂದ ಹೇಳಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಮೂಗಿನ ತುದಿಯಲ್ಲೇ ಸಿಟ್ಟಿರುವವಳು ಎಂದು ನನಗೆ ಮೊದಲೇ ಹೆಸರಿದೆ. ಆದರೆ ಆಕೆ ಪ್ರೀತಿಯಿಂದಲೇ ಹೇಳಿದ್ದರು, ಅದಕ್ಕೇ ನನ್ನ ಜೀವ ಚುರ್ರೆಂದಿತು. ನನಗಾಗ ಮೂವತ್ತೊಂಬತ್ತು. ಮೂವತ್ತೊಂಬತ್ತಕ್ಕೇ ಮನೆ ಕಾಯುವ ಪಾಳಿ ಬಂತಲ್ಲ ಎಂದು ಹಳ್ಳದ ದಂಡೆಯಲ್ಲಿ ನಿಂತು ಅತ್ತುಬಿಟ್ಟೆ. ವಾಪಸು ಬರುವಾಗ ಟೆಂಪೋದಲ್ಲಿ ಯಜಮಾನರಿಗೆ ಹೇಳಿಬಿಟ್ಟೆ.

"ಮುಂದಿನ ವರ್ಷ ನಾ ಬರಾಕಿನ. ಯಾರೂ ನನ್ನ ಎಬ್ಬಸಬಾರದು. ಏನ್ ಮಾಡ್ತೀರೋ ನೋಡ್ರಿ."

ಯಜಮಾನರದು ಉದ್ಯಮಬಾಗದಲ್ಲಿ ಒಂದು ಸಣ್ಣ ವರ್ಕ್‌ಶಾಪು. ವೆಲ್ಡಿಂಗು, ಲೇಥು, ಗೇಟು, ಗ್ರಿಲ್ಲು, ರೈತರ ನೇಗಿಲು ರಿಪೇರಿ. ಮಾತು ಕಡಿಮೆ. ನಾನು ನೂರು ಮಾತಾಡಿದರೆ ಅವರದು "ಹೂಂ" ಒಂದು. ಟೆಂಪೋದಲ್ಲೂ "ಹೂಂ" ಎಂದರು. ನಾನು ಅದನ್ನು ಎಂದಿನ ಹೂಂ ಎಂದೇ ತಿಳಿದಿದ್ದೆ.

ಒಂದೆರಡು ತಿಂಗಳ ಮೇಲೆ ಊಟದ ಡಬ್ಬಿ ಕೊಡಲು ವರ್ಕ್‌ಶಾಪಿಗೆ ಹೋದಾಗ ಕ್ಯಾಲೆಂಡರಿನ ಪಕ್ಕ ಒಂದು ಬಣ್ಣದ ಹಾಳೆ ಅಂಟಿಸಿದ್ದು ಕಂಡಿತು. ಪರದೇಶಕ್ಕೆ ಹೋಗಿಬಂದ ಗಿರಾಕಿಯೊಬ್ಬರು ತಂದಿದ್ದ ಕ್ಯಾಟಲಾಗಿನ ಹಾಳೆ. ಅದರಲ್ಲಿ ಒಂದು ಮಂಚ. ಮಂಚದ ಮೇಲೇ ಡೇರೆ. ಡೇರೆ ನೆಲವನ್ನು ಮುಟ್ಟಿಯೇ ಇಲ್ಲ. ನಾಲ್ಕು ಕಾಲಿನ ಮೇಲೆ ನಿಂತಿದೆ, ಒಳಗೊಬ್ಬ ಬಿಳಿಯ ಮನುಷ್ಯ ಕಾಲು ಇಳಿಬಿಟ್ಟು ಕುಳಿತು ನಗುತ್ತಿದ್ದಾನೆ.

"ಹಿಂತಾದ್ದೊಂದು ಮಾಡೂಣು" ಎಂದರು ಯಜಮಾನರು.

ಅವತ್ತೇ ಅಳತೆ ತೆಗೆದರು. ಇಟ್ಟಂಗಿಯ ಮೇಲೆ ಇಟ್ಟಂಗಿ ಇಟ್ಟು, ಮೇಲೊಂದು ಹಲಗೆ ಹಾಕಿ, "ಕುಂದರು" ಎಂದರು. ಕುಳಿತೆ. "ಏಳು. ಏನೂ ಹಿಡಕೋಬ್ಯಾಡ." ಏಳಲಾಗಲಿಲ್ಲ. ಮತ್ತೊಂದು ಇಟ್ಟಂಗಿ. ಆಗಲಿಲ್ಲ. ಅದರ ಮೇಲೊಂದು ಕಬ್ಬಿಣದ ಪಟ್ಟಿ. ಕುಳಿತೆ, ಎಡಗಾಲು ಹಿಂದಕ್ಕೆ ತಂದು ಊರಿದೆ, ಒಂದು ಎರಡು ಮೂರು ಎಂದು ಮನಸ್ಸಿನಲ್ಲೇ ಎಣಿಸಿ ಮುಂದಕ್ಕೆ ಬಾಗಿದೆ, ಎದ್ದು ನಿಂತುಬಿಟ್ಟೆ. ಕೆಲಸದವರು ಮಶೀನು ನಿಲ್ಲಿಸಿ ನೋಡುತ್ತಿದ್ದರು. ಯಜಮಾನರು ಟೇಪು ಹಿಡಿದು ನೋಡಿ, ಕಿವಿಯ ಸಂದಿಯ ಪೆನ್ಸಿಲ್ ತೆಗೆದು ಗೋಡೆಯ ಮೇಲೆ ಬರೆದರು: ಹತ್ತೊಂಬತ್ತು ಇಂಚು. ಒಂದಿಂಚು ಕಡಿಮೆಯಾದರೂ ನಾನು ಮತ್ತೆ ಜೋಳದ ಚೀಲ ಎನ್ನುವುದು ಅವತ್ತು ನಮ್ಮಿಬ್ಬರಿಗೂ ತಿಳಿಯಿತು.

ಮೊದಲು ತಯಾರಾದ ಮಂಚವನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ನಮ್ಮ ಬೆಳಗಾವಿಯ ವರ್ಕ್‌ಶಾಪಿನವರಿಗೆ ಹಗುರಾದದ್ದು ಮಾಡಲು ಬರುವುದಿಲ್ಲ. ಪಂಪು ಮಾಡು, ಮೋಟಾರಿನ ಬಾಡಿ ಮಾಡು ಎಂದರೆ ದೇಶಕ್ಕೆಲ್ಲ ಮಾಡಿ ಕೊಡುತ್ತಾರೆ. ಒಬ್ಬಳು ಮಾಸ್ತರಿಣಿ ಮಲಗುವ ಮಂಚ ಮಾಡು ಎಂದರೆ ಅದರ ಮೇಲೆ ಎಮ್ಮೆ ಕಟ್ಟಬಹುದಾದಂಥದು ತಂದು ನಿಲ್ಲಿಸುತ್ತಾರೆ. ಕಬ್ಬಿಣದ ಆಂಗಲ್ಲಿನ ಚೌಕಟ್ಟು, ಫೌಂಡ್ರಿಯಲ್ಲಿ ಎರಕ ಹೊಯ್ಯಿಸಿದ ಬೀಡಿನ ಪಾದಗಳು. ನಾಲ್ಕು ಜನ ಹೊತ್ತು ಮನೆಗೆ ತಂದರು. ಓಣಿಯವರು ಯಾರೋ ಹೋದರೇನೋ ಎಂದು ಬಾಗಿಲಿಗೆ ಬಂದು ನೋಡಿದರು.

"ಮೂರು ತಲಿಮಾರು ಬರತೈತಿ" ಎಂದರು ಯಜಮಾನರು, ಹೆಮ್ಮೆಯಿಂದ.

"ಬರತೈತ್ರಿ, ಅಡವಿಗಿ ಹೆಂಗ ಬರತೈತಿ ಅದನ್ನ ಹೇಳ್ರಿ" ಎಂದೆ.

ಅತ್ತೆಯವರು ಜಗುಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಮಂಚವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಮಂಚಾ ತಗೊಂಡು ಅಡವಿಗಿ ಹೋದಾವ್ರನ್ನ ನಾ ಅಂತೂ ಕಂಡಿಲ್ಲವಾ. ಹಾಸಿಗಿ ಇದ್ದಷ್ಟ ಕಾಲ ಚಾಚಬೇಕು" ಎಂದರು.

ಯಜಮಾನರಿಗೆ ಅಪಮಾನವಾಗಿತ್ತು. ಈ ಸಲ ಕಂಡ್ಯೂಟ್ ಪೈಪು ತಂದರು. ಮನೆಗಳಲ್ಲಿ ಕರೆಂಟಿನ ವಾಯರು ಹಾಯಿಸುತ್ತಾರಲ್ಲ, ಅದೇ ತೆಳ್ಳನೆಯ ಕಬ್ಬಿಣದ ಪೈಪು. ಮಡಚುವಂತೆ ಮೂಲೆಗಳಿಗೆ ಬಿಜಾಗರಿ ಹಾಕಿದರು. ಕಮಾನಿನ ಹಾಗೆ ಬಾಗಿಸಿದ ಮೂರು ಪೈಪುಗಳ ಮೇಲೆ ಡೇರೆ. ಜೀಪುಗಳಿಗೆ ಹುಡ್ ಹೊಲಿಯುವವರೊಬ್ಬರು ತಾಡಪತ್ರಿಯನ್ನೂ ಸೊಳ್ಳೆಪರದೆಯನ್ನೂ ಸೇರಿಸಿ, ಚೈನು ಹಚ್ಚಿ ಹೊಲಿದುಕೊಟ್ಟರು. ಹಗುರ ಮಾಡುವ ಹಟದಲ್ಲಿ ಯಜಮಾನರು ಆ ಬೀಡಿನ ಪಾದಗಳನ್ನು ಕಿತ್ತು ಗುಜರಿಗೆ ಹಾಕಿ, ಬರೀ ಪೈಪಿನ ತುದಿಯನ್ನೇ ಬಿಟ್ಟರು. ನಾನು ಮಡಚಿದ ಮಂಚವನ್ನು ಒಂದೇ ಕೈಯಲ್ಲಿ ಎತ್ತಿದೆ. ಮಾಳಿಗೆಯ ಮೇಲೆ ಹತ್ತು ಸಲ ಕುಳಿತೆ, ಹತ್ತು ಸಲ ಎದ್ದೆ. ಹತ್ತೊಂಬತ್ತು ಇಂಚು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಪಾದ ಕಿತ್ತದ್ದರ ಫಲ ಏನೆಂದು ಸಿಮೆಂಟಿನ ನೆಲದ ಮೇಲೆ ತಿಳಿಯುವ ಹಾಗಿರಲಿಲ್ಲ.

ಹೊಸ ಶತಮಾನ ಬಂತು ಎಂದು ಎಲ್ಲರೂ ಮಾತಾಡುತ್ತಿದ್ದ ವರ್ಷ ಅದು. ದೀಪಾವಳಿ ಮುಗಿಸಿ ಹೊರಟೆವು. ಜಾಂಬೋಟಿಯ ರೈತ ನಮ್ಮ ಯಜಮಾನರ ಹಳೆಯ ಗಿರಾಕಿ. ಮನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ. ಹೊಸ ಮಂಚ ಬಿಚ್ಚಿ ನಿಲ್ಲಿಸಿದಾಗ ಎಲ್ಲರೂ ನಕ್ಕರು, ಅವನೊಬ್ಬ ನಗಲಿಲ್ಲ. ಗದ್ದೆಯ ಆಚೆ ಬದಿಗೆ ನಾಲ್ಕು ಕಂಬದ ಮೇಲೆ ಕಟ್ಟಿದ್ದ ತನ್ನ ಅಟ್ಟವನ್ನು ತೋರಿಸಿದ. ಪೈರಿಗೆ ಹಂದಿ ಬರುವ ದಿನಗಳಲ್ಲಿ ಅವನು ಮಲಗಿ ಕಾಯುವ ಜಾಗ ಅದು.

"ನಾವೂ ಹಿಂಗ ಮಕ್ಕೋತೀವಿರಿ ಅಕ್ಕಾರ. ನೆಲ ಹುಳಾಹುಪ್ಪಡೀದು, ಮ್ಯಾಲಿಂದು ಮನಶ್ಯಾಂದು" ಎಂದ.

ನನಗೆ ಅವನ ಕಾಲಿಗೆ ಬೀಳುವಷ್ಟು ಖುಷಿಯಾಯಿತು. ಬಿದ್ದಿದ್ದರೆ ಮತ್ತೆ ಇಬ್ಬರು ಬೇಕಾಗುತ್ತಿದ್ದರು, ಅದಕ್ಕೆ ಸುಮ್ಮನಿದ್ದೆ.

ಎಲ್ಲರೂ ಸುತ್ತ ನಿಂತರು. ಮದುಮಗಳಂತೆ ಸೆರಗು ಸರಿಮಾಡಿಕೊಂಡು ಮಂಚದ ಅಂಚಿಗೆ ಕುಳಿತೆ. ಕೂತ ಮೇಲೆ ಒಂದು ಗಳಿಗೆ ಎಲ್ಲ ಸರಿಯಿತ್ತು. ಆಮೇಲೆ ಮಂಚ ಮೆತ್ತಗೆ ಇಳಿಯತೊಡಗಿತು. ಭತ್ತ ಕೊಯ್ದು ವಾರವಾಗಿತ್ತಷ್ಟೇ, ಗದ್ದೆಯ ಒಡಲಲ್ಲಿ ಇನ್ನೂ ನೀರಿತ್ತು. ಆ ತೆಳ್ಳನೆಯ ಪೈಪುಗಳು ಕಲ್ಲಂಗಡಿಗೆ ಚೂರಿ ಇಳಿದಂತೆ ಮಣ್ಣಿಗಿಳಿದವು. ಒಂದಿಂಚು, ಎರಡು, ನಾಲ್ಕು. ನಾನು ಎಡಗಾಲು ಊರಿ, ಎಣಿಸಿ, ಬಾಗಿದೆ. ಏಳಲಾಗಲಿಲ್ಲ. ಇನ್ನೊಮ್ಮೆ ಬಾಗಿದೆ. ಮತ್ತಷ್ಟು ಇಳಿಯಿತು.

"ನೆಲ ಮೆತ್ತಗೈತಿ" ಎಂದೆ.

"ಕುಣಿಯಾಕ ಬರಲಾರದಾಕಿ ನೆಲ ಡೊಂಕ ಅಂದಿದ್ಳಂತ" ಎಂದರು ನೆಗೆಣ್ಣಿ. ಮಕ್ಕಳು ಕಿಸಕ್ಕನೆ ನಕ್ಕರು. ಆಮೇಲೆ ಆಕೆ ಒಂದು ಕಂಕುಳಿಗೆ, ಆಕೆಯ ಮಗ ಇನ್ನೊಂದು ಕಂಕುಳಿಗೆ. ಎದ್ದೆ. "ಇರಲಿ ಬಿಡು ತಂಗಿ, ಮುಂಜಾನಿ ನಾವಿಬ್ಬರೂ ಬಂದು ಎಬ್ಬಸ್ತೀವಿ, ನೀ ಕಾಳಜಿ ಮಾಡಬ್ಯಾಡ" ಎಂದು ಬೆನ್ನು ಸವರಿದರು. ಆ ಸವರಿದ ಕೈ ಹೊಡೆದಷ್ಟು ನೋಯಿಸಿತು.

ಯಜಮಾನರ ಮುಖ ನೋಡಲಾಗಲಿಲ್ಲ. ಒಂದು ವರ್ಷದ ಕೆಲಸ ಕೆಸರಿನಲ್ಲಿ ನಿಂತಿತ್ತು. ರೈತ ಮಂಚದ ಕಾಲು ನೋಡಿ, ತನ್ನ ಅಟ್ಟದ ಕಂಬಗಳ ಕೆಳಗೆ ಚಪ್ಪಟೆ ಕಲ್ಲು ಕೊಟ್ಟಿರುವುದನ್ನು ಹೇಳಿದ. ಯಜಮಾನರು ಹಳ್ಳಕ್ಕೆ ಓಡಿದರು. ನೀರಲ್ಲಿ ಉರುಳಿ ಉರುಳಿ ಗುಂಡಗಾದ ಕಲ್ಲುಗಳೇ ಎಲ್ಲ, ಚಪ್ಪಟೆಯದು ಒಂದೂ ಇಲ್ಲ. ಕಟ್ಟಿಗೆಯ ತುಂಡು ಕೊಟ್ಟರು, ಅದು ಓರೆಯಾಗಿ ಜಾರಿತು. ಅಷ್ಟರಲ್ಲಿ ಹೊತ್ತು ಇಳಿಯತೊಡಗಿತ್ತು, ಊಟದ ಗಡಿಬಿಡಿ ಶುರುವಾಯಿತು.

ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಯಾರೂ ಉಣ್ಣುವುದಿಲ್ಲ. ದೀಪದ ಬೆಳಕಿಗೆ ಬರುವ ಹುಳ ತಾಟಿಗೆ ಬೀಳಬಾರದು. ಅಡವಿಗೆ ಹೋದರೂ ಆ ನೇಮ ತಪ್ಪುವುದಿಲ್ಲ. ರೈತನನ್ನೂ ಕರೆದು ಒಂದು ತಾಟು ಹಾಕಿದೆವು; "ನಿಮ್ಮ ರಾತ್ರಿ ಊಟ ನಮ್ಮ ಸಂಜಿ ಚಾದ ಹೊತ್ತಿಗೇ ಆಗತೈತ್ರಿ" ಎಂದು ನಗುತ್ತ ಕುಳಿತ. ಖಡಕ್ ರೊಟ್ಟಿ, ಝುಣಕ, ಮೊಸರು. ಸೂರ್ಯ ಮರಗಳ ಹಿಂದೆ ಹೋಗುವಷ್ಟರಲ್ಲಿ ಊಟವಾಗಿ, ಪಾತ್ರೆ ಬೆಳಗಿಯೂ ಆಗಿತ್ತು. ಮಗಳು ತೊಳೆದ ಸ್ಟೀಲಿನ ತಾಟುಗಳನ್ನು ಒಂದರ ಮೇಲೊಂದು ಇಟ್ಟು ತಂದು ನನ್ನ ಮುಂದಿಟ್ಟಳು.

ಎಂಟು ತಾಟು. ಮಂಚಕ್ಕೆ ಕಾಲು ನಾಲ್ಕು. ಬೆಳಗಾಗಿ ಸೂರ್ಯ ಮೇಲೆ ಬರುವತನಕ ನಮ್ಮ ಮನೆಯ ತಾಟಿಗೆ ಏನೂ ಕೆಲಸವಿಲ್ಲ.

"ಒಂದೊಂದ ಕಾಲಿಗಿ ಎರಡೆರಡ ತಾಟ ಹಾಕ್ರಿ" ಎಂದೆ.

ಯಜಮಾನರು ನನ್ನ ಮುಖ ನೋಡಿದರು. ಈ ಸಲ "ಹೂಂ" ಕೂಡ ಎನ್ನಲಿಲ್ಲ, ಎದ್ದೇಬಿಟ್ಟರು. ನೆಗೆಣ್ಣಿ ಅಡ್ಡ ಬಂದರು.

"ಉಣ್ಣೂ ತಾಟಿನ ಮ್ಯಾಲ ಮಂಚದ ಕಾಲ ಇಡೂದೇನ? ಅತ್ತಿಗಿ ಗೊತ್ತಾದರ ಏನಂದಾರು?"

"ಅತ್ತಿಗಿ ನಾ ಹೇಳ್ತೀನ್ರಿ ಅಕ್ಕಾ. ಬೂದಿ ಹಚ್ಚಿ ಮೂರ ಸಲ ತಿಕ್ಕೀನು, ಬೇಕಾದರ ಹೊಸಾ ತಾಟ ತಂದೇನು. ಆದ್ರ ಇವತ್ತ ಮಾತ್ರ ಅಡ್ಡ ಬರಬ್ಯಾಡ್ರಿ."

ನನ್ನ ದನಿಯಲ್ಲಿ ಏನಿತ್ತೋ, ಆಕೆ ಸರಿದು ನಿಂತರು. ಯಜಮಾನರು ಮಂಚವನ್ನು ಕೆಸರಿನಿಂದ ಕಿತ್ತು ಬೇರೆ ಕಡೆ ನಿಲ್ಲಿಸಿ, ಒಂದೊಂದು ಕಾಲಿಗೂ ಎರಡೆರಡು ತಾಟು ಕೊಟ್ಟರು. ಟೇಪು ಹಿಡಿದು ನಾಲ್ಕೂ ಮೂಲೆ ಅಳೆದರು. ಕುಳಿತೆ. ತಾಟುಗಳು ಒಮ್ಮೆ ಟಣ್ಣೆಂದವು. ಸ್ವಲ್ಪ ಅದುಮಿದಂತಾಗಿ ನಿಂತವು. ಮಂಚ ಇಳಿಯಲಿಲ್ಲ. ತಾವು ನೋಡುತ್ತಿರುವಾಗಲೇ ನಾನು ಏಳಬೇಕು ಎಂದು ಅವರೆಲ್ಲರ ಆಸೆ. ನಾನು ಏಳಲಿಲ್ಲ. ಕಾಲು ಮೇಲೆತ್ತಿ ಒಳಗೆ ಸರಿದು, ಪರದೆಯ ಚೈನು ಎಳೆದುಕೊಂಡು, "ಮುಂಜಾನಿ ನೋಡೂಣು" ಎಂದೆ. ಖರೇ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು.

ಬೆನ್ನ ಕೆಳಗೆ ಗಾಳಿ ಆಡುತ್ತಿತ್ತು. ಅಷ್ಟು ಆರಾಮಾಗಿ ನಾನು ಅಡವಿಯಲ್ಲಿ ಯಾವತ್ತೂ ಮಲಗಿರಲಿಲ್ಲ; ಕಲ್ಲು ಒತ್ತಲಿಲ್ಲ, ಇರುವೆ ಹತ್ತಲಿಲ್ಲ, ನನ್ನ ಮೈಕೆಳಗೆ ಸಿಕ್ಕಿ ಒಂದು ಹುಳವೂ ಸಾಯಲಿಲ್ಲ. ಎಚ್ಚರವಾದಾಗ ಇನ್ನೂ ನಸುಕು. ತಾಡಪತ್ರಿಯ ಮೇಲಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಚೈನು ಸರಿಸಿ ಕಾಲು ಇಳಿಬಿಟ್ಟೆ. ಅಂಗಾಲಿಗೆ ತಣ್ಣಗಿನ ಮಣ್ಣು ಹತ್ತಿತು. ಎಡಗಾಲು ಹಿಂದಕ್ಕೆ. ಒಂದು, ಎರಡು, ಮೂರು.

ನಿಂತಿದ್ದೆ. ಯಾರ ಕೈಯೂ ನನ್ನ ಕಂಕುಳಲ್ಲಿ ಇರಲಿಲ್ಲ. ಕಣ್ಣಲ್ಲಿ ನೀರು ಬಂತು, ಬರಲಿ ಎಂದು ಬಿಟ್ಟೆ.

ಸುಮ್ಮನೆ ಮಂಚಕ್ಕೆ ಒರಗಿಸಿಟ್ಟಿದ್ದ ಊರುಗೋಲು ಹಿಡಿದು ಹಳ್ಳಕ್ಕೆ ಹೋದೆ, ಮುಖ ತೊಳೆದೆ, ಹೋದ ವರ್ಷ ನಸುಕಿನಲ್ಲಿ ತಲುಪಲಾಗದಿದ್ದ, ಕಟ್ಟೆಯಷ್ಟು ಎತ್ತರದ ನನ್ನ ಕಲ್ಲಿನ ಮೇಲೆ ಕುಳಿತೆ. ನೀರಿನ ಮೇಲೆ ಮಂಜು ಸರಿದಾಡುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಗದ್ದೆಯ ಕಡೆಯಿಂದ ನೆಗೆಣ್ಣಿಯ ದನಿ ಕೇಳಿತು. ಕೊಟ್ಟ ಮಾತಿನಂತೆ ನನ್ನನ್ನು ಎಬ್ಬಿಸಲು ಮಗನ ಜೊತೆ ಬಂದಿದ್ದರು.

"ಇಕಿ ಇಲ್ಲಲ್ಲೋ. ಮಂಚ ಖಾಲಿ ಐತಿ. ಏಳ್ರೆಪ್ಪಾ, ಎಲ್ಲಿ ಹ್ವಾದ್ಳು ನೋಡ್ರಿ."

ನಾನು ಕೂಡಲೇ ಉತ್ತರ ಕೊಡಲಿಲ್ಲ. ತಪ್ಪೇ ಅದು, ಒಪ್ಪುತ್ತೇನೆ. ಆದರೆ ಎರಡು ವರ್ಷ ಕಾದವಳು ನಾನು, ಆ ಮಾತನ್ನು ಇನ್ನೊಂದು ಸಲ ಕೇಳಬೇಕೆನ್ನಿಸಿತು. ಮಂಚ ಖಾಲಿ ಐತಿ ಎಂದು ಆಕೆ ಮೂರು ಸಲ ಅಂದ ಮೇಲೆ, "ಅಕ್ಕಾ, ಇಲ್ಲೇ ಅದೀನ್ರಿ, ಎದ್ದ ತಾಸಾತು" ಎಂದು ಕೂಗಿದೆ. ಓಡುತ್ತ ಬಂದ ನೆಗೆಣ್ಣಿ ಏದುಸಿರು ಬಿಡುತ್ತ ನನ್ನ ಪಕ್ಕದ ಕಲ್ಲಿಗೆ ಕುಸಿದರು. ಬೈಯುತ್ತಾರೆ ಎಂದುಕೊಂಡೆ. ನನ್ನ ಕೈ ಹಿಡಿದು, "ಚಲೋ ಆತು ನೋಡು" ಎಂದರು. ಹಿಂದೆಯೇ ಯಜಮಾನರು ಬಂದರು. ಕಿವಿಯ ಸಂದಿಯಲ್ಲಿ ಪೆನ್ಸಿಲ್ ಇತ್ತು, ಅದನ್ನು ತೆಗೆದು ನೋಡಿ ಮತ್ತೆ ಅಲ್ಲೇ ಸಿಕ್ಕಿಸಿಕೊಂಡರು.

ತಾಟುಗಳನ್ನು ಬೂದಿ ಹಚ್ಚಿ ಮೂರು ಸಲ ತಿಕ್ಕಿದೆ. ಮಣ್ಣು ಹೋಯಿತು, ನಡುವೆ ಪೈಪಿನ ಬಾಯಿ ಒತ್ತಿದ ದುಂಡನೆಯ ಗುರುತು ಮಾತ್ರ ಉಳಿಯಿತು.

ಮನೆಗೆ ಬಂದ ಮರುದಿನ ಅತ್ತೆಯವರು ಊಟಕ್ಕೆ ಕುಳಿತು ತಮ್ಮ ತಾಟನ್ನು ಬೆಳಕಿಗೆ ಹಿಡಿದರು. "ಏನಿದು ಗುಂಡನ್ನದು?" ನಾನು ಎಲ್ಲ ಹೇಳಿದೆ, ಒಂದೂ ಮುಚ್ಚಿಡಲಿಲ್ಲ. ಬೈಗುಳಕ್ಕೆ ಬೆನ್ನು ಕೊಟ್ಟೇ ಕುಳಿತಿದ್ದೆ. ಅತ್ತೆಯವರು ತಾಟು ಕೆಳಗಿಟ್ಟರು. ರೊಟ್ಟಿ ಮುರಿಯಲಿಲ್ಲ.

"ಒಬ್ಬಾಕಿನ ಎದ್ದಿ?"

"ಹೌದ್ರಿ ಅತ್ತಿ."

"ಯಾರೂ ಕೈ ಹಚ್ಚಲಿಲ್ಲ?"

"ಇಲ್ರಿ."

ಸಂಜೆ ನಾನು ಶಾಲೆಯಿಂದ ಬಂದಾಗ ಅತ್ತೆಯವರು ಮಾಳಿಗೆಯ ಮೇಲಿದ್ದರು. ಮಂಚವನ್ನು ಬಿಸಿಲಿಗೆ ಹರವಿದ್ದೆ, ಅದರ ಅಂಚಿಗೆ ಕುಳಿತಿದ್ದರು. ನನ್ನನ್ನು ಕಂಡು ಏಳಲು ನೋಡಿದರು. ಒಮ್ಮೆ ಬಾಗಿದರು, ಆಗಲಿಲ್ಲ. ಇನ್ನೊಮ್ಮೆ ಬಾಗಿದರು. ನಾನು ಕೈ ಕೊಡಲು ಹೋದೆ, ಬೇಡವೆಂದರು. ಹಾಗೇ ಕುಳಿತು ಮೊಣಕಾಲು ನೀವಿಕೊಳ್ಳುತ್ತ ಹೇಳಿದರು:

"ನನಗ ಇನ್ನೂ ಎರಡ ಇಂಚ ಬೇಕಾದೀತು. ಅವಗ ಹೇಳು."

ಹದಿನಾರು ವರ್ಷ ಒಂದೇ ಮನೆಯಲ್ಲಿ ಉಂಡಿದ್ದೆ. ಮನೆ ಕಾಯಲು ಒಬ್ಬರು ಬೇಕು ಎಂಬ ಮಾತನ್ನು ನಂಬಿಕೊಂಡು ಪ್ರತಿ ವರ್ಷ ಕೈಬೀಸಿ ಹೋಗಿದ್ದೆ. ಅವರನ್ನು ಎಬ್ಬಿಸುವ ಇಬ್ಬರು ಯಾರು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಆ ನಾಚಿಕೆ ಈಗಲೂ ಹೋಗಿಲ್ಲ.

ಮರುವರ್ಷ ಮನೆಗೆ ಬೀಗ ಹಾಕಿ ಎಲ್ಲರೂ ಹೋದೆವು. ಗದ್ದೆಯ ಅಂಚಿನಲ್ಲಿ ಎರಡು ಮಂಚ. ಒಂದು ಹತ್ತೊಂಬತ್ತು ಇಂಚಿನದು, ಒಂದು ಇಪ್ಪತ್ತೊಂದು. ಯಜಮಾನರು ಎರಡಕ್ಕೂ ಅಗಲವಾದ ಪಾದ ಮಾಡಿದ್ದರು. ಅತ್ತೆಯವರು ನಂಬಲಿಲ್ಲ, ತಾಟನ್ನೂ ಹಾಕಿಸಿದರು. ನಸುಕಿಗೆ ನಾನು ಎದ್ದೆ. ಎಲ್ಲರಿಗಿಂತ ಮೊದಲು ಎದ್ದವಳು ನಾನೇ ಎಂಬ ಹೆಮ್ಮೆ. ಅತ್ತೆಯವರಿಗೆ ಕೈ ಕೊಡೋಣವೆಂದು ಪಕ್ಕದ ಮಂಚಕ್ಕೆ ಹೋದೆ. ಹೊದಿಕೆ ಮಡಚಿಟ್ಟಿತ್ತು, ಪರದೆಯ ಚೈನು ಹಾಕಿತ್ತು, ಒಳಗೆ ಯಾರೂ ಇರಲಿಲ್ಲ.

ಹಳ್ಳಕ್ಕೆ ಓಡಿದೆ, ನನ್ನ ಕಾಲು ಓಡುವಷ್ಟು. ಅತ್ತೆಯವರು ನನ್ನ ಕಲ್ಲಿನ ಮೇಲೆ, ನೀರಿಗೆ ಮುಖ ಮಾಡಿ ಕುಳಿತಿದ್ದರು. ತಿರುಗಿ ನೋಡದೆಯೇ ಹೇಳಿದರು:

"ಯಾಕ ಇಷ್ಟ ತಡಾ ಆತು? ನಿನ್ನ ಎಬ್ಬಸಾಕ ಬರೂದಿತ್ತು ನಾನು."